ಯಂತ್ರಕ್ಕೆ ಕನ್ನಡ ಬಾರದು, ಬಾಡಿಗೆ ಮಾತ್ರ ನಮ್ಮದು!



2025ರ ಜುಲೈ ತಿಂಗಳಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿಗಳು ತೀರಿಕೊಂಡರು! ಸರ್ಕಾರಿ ಗೌರವವಿಲ್ಲ, ಕುಶಾಲತೋಪಿಲ್ಲ, ಶಾಲೆಗಳಿಗೆ ರಜೆಯೂ ಇಲ್ಲ. ಏಕೆಂದರೆ ಅವರು ತೀರಿಕೊಂಡದ್ದು ಇಂಗ್ಲಿಷಿನಲ್ಲಿ ಮಾತ್ರ. ಕನ್ನಡದಲ್ಲಿ ಅವರು ಆರೋಗ್ಯವಾಗಿಯೇ ಇದ್ದರು.

ನಡೆದದ್ದು ಇಷ್ಟು. ಜುಲೈ 14ರಂದು ಅಭಿನಯ ಸರಸ್ವತಿ ಬಿ. ಸರೋಜಾದೇವಿ ನಮ್ಮನ್ನಗಲಿದರು. ಮುಖ್ಯಮಂತ್ರಿ ಸಿದ್ದರಾಮಯ್ಯನವರು ಹೋಗಿ ಅಂತಿಮ ದರ್ಶನ ಪಡೆದರು. ಆ ಸುದ್ದಿ ಕನ್ನಡದಲ್ಲಿ, ನಮಗೆ ನಿಮಗೆ ಅರ್ಥವಾಗುವ ಸರಳ ಕನ್ನಡದಲ್ಲಿ, ಫೇಸ್‌ಬುಕ್ಕಿಗೆ ಹೋಯಿತು. ಮೆಟಾ ಕಂಪನಿಯ ಯಂತ್ರ ತಾನಾಗಿಯೇ ಅದನ್ನು ಇಂಗ್ಲಿಷಿಗೆ ತಿರುಗಿಸಿತು. ತಿರುಗಿಸುವ ಭರದಲ್ಲಿ ನಿನ್ನೆ ನಿಧನರಾದವರು ಸರೋಜಾದೇವಿ ಎಂಬುದು ಹೋಗಿ ಸಿದ್ದರಾಮಯ್ಯ ಎಂದಾಯಿತು. ಸತ್ತವರೇ ಎದ್ದು ಹೋಗಿ ಇನ್ನೊಬ್ಬರ ಪಾರ್ಥಿವ ಶರೀರಕ್ಕೆ ಕೈಮುಗಿದು ಬಂದರು!

ಇದನ್ನು ಓದಿ ನಕ್ಕು ಪುಟ ತಿರುಗಿಸಬೇಡಿ. ಯಂತ್ರ ಎಡವಿದ್ದೆಲ್ಲಿ ನೋಡಿ. 'ನಿನ್ನೆ ತೀರಿಕೊಂಡ' ಎಂದಾಕ್ಷಣ ಕನ್ನಡದ ಕಿವಿ ಮುಂದಿನ ಹೆಸರಿಗೆ ಕಾಯುತ್ತದೆ. ಬಿದ್ದ ಮರ, ಓಡಿದ ಕುದುರೆ, ಕಾಯಿಸಿದ ಹಾಲು. ಬಿದ್ದದ್ದು ಯಾವುದು ಎಂದು ತಿಳಿಯಲು ನಾವು ಮುಂದೆ ನೋಡುತ್ತೇವೆಯೇ ಹೊರತು ಹಿಂದೆ ನೋಡುವುದಿಲ್ಲ. ಶಾಲೆಯ ಮೇಷ್ಟ್ರು ಇದಕ್ಕೆ ಕೃದಂತ ಎಂದು ಹೆಸರಿಟ್ಟು ಕಲಿಸಿದ್ದರು. ಹೆಸರು ಮರೆತಿದ್ದರೂ ಅರ್ಥ ಮರೆತವರಿಲ್ಲ. ನಾಲ್ಕು ವರ್ಷದ ಕೂಸು ಕೂಡ 'ಅಮ್ಮ, ನಿನ್ನೆ ಸತ್ತ ನಾಯಿಮರಿ ನೋಡಿದಳು' ಎಂದರೆ ಸತ್ತದ್ದು ಅಮ್ಮ ಎಂದು ಅಳುವುದಿಲ್ಲ. ಯಂತ್ರ ಅತ್ತುಬಿಟ್ಟಿತು. ಸಾಲದೆಂಬಂತೆ 'ಬಿ.' ಎಂಬ ಇನಿಷಿಯಲ್ಲಿನ ಚುಕ್ಕಿ ಕಂಡೊಡನೆ ವಾಕ್ಯ ಮುಗಿಯಿತೆಂದು ತಿಳಿದು ಹೆಸರನ್ನೇ ಎರಡು ತುಂಡು ಮಾಡಿತು. ಇನಿಷಿಯಲ್ ಇಲ್ಲದ ಕನ್ನಡಿಗ ಎಷ್ಟು ಜನ ಸಿಗುತ್ತಾರೆ ಹೇಳಿ! ಈ ನಾಡಿನ ಹೆಸರು ಹೇಗಿರುತ್ತದೆ ಎಂದು ನೋಡದವರು ಈ ನಾಡಿನ ಭಾಷೆಯನ್ನು ಜಗತ್ತಿಗೆ ತಿಳಿಸಿಕೊಡಲು ಕೂತಿದ್ದಾರೆ.

ಮುಖ್ಯಮಂತ್ರಿಗಳ ಮಾಧ್ಯಮ ಸಲಹೆಗಾರರು ಕಂಪನಿಗೆ ಪತ್ರ ಬರೆದರು. ಸರಿಯಾಗುವವರೆಗೆ ಕನ್ನಡದ ಈ ತಾನೇತಾನಾದ ಅನುವಾದ ನಿಲ್ಲಿಸಿ, ಕನ್ನಡ ಬಲ್ಲವರ ಸಹಾಯ ಪಡೆಯಿರಿ ಎಂದರು. ಕಂಪನಿ ಕ್ಷಮೆ ಕೇಳಿತು, ಸರಿಪಡಿಸಿದ್ದೇವೆ ಎಂದಿತು. ಸಂತೋಷ. ಸತ್ತವರು ಮುಖ್ಯಮಂತ್ರಿಯಾದ್ದರಿಂದ ಎರಡು ಮೂರು ದಿನದಲ್ಲಿ ಎದ್ದು ಕೂತರು. ಅದೇ ಯಂತ್ರ ನಿಮ್ಮನ್ನೋ ನನ್ನನ್ನೋ ಸಾಯಿಸಿದ್ದರೆ ಎಬ್ಬಿಸುವವರು ಯಾರು? ಯಾರಿಗೆ ಪತ್ರ ಬರೆಯುತ್ತೀರಿ, ಯಾವ ಭಾಷೆಯಲ್ಲಿ ಬರೆಯುತ್ತೀರಿ?

2021ರ ಜೂನ್ ನೆನಪಿದೆಯೇ? ಭಾರತದ ಅತಿ ಕುರೂಪದ ಭಾಷೆ ಯಾವುದೆಂದು ಕೇಳಿದರೆ ಗೂಗಲ್ 'ಕನ್ನಡ' ಎಂದು ಉತ್ತರ ಕೊಟ್ಟಿತ್ತು. ನಾವು ಕೂಗಿದೆವು. ಮಂತ್ರಿಗಳು ನೋಟಿಸು ಕೊಡುತ್ತೇವೆಂದು ಗುಡುಗಿದರು. ಅವರೂ ಕ್ಷಮೆ ಕೇಳಿದರು. ಎಲ್ಲರೂ ಮನೆಗೆ ಹೋದೆವು. ನನ್ನ ತಕರಾರು ಇಲ್ಲೇ. ಕುರೂಪ ಎಂದದ್ದಕ್ಕೆ ಬೀದಿಗಿಳಿಯುವ ನಾವು, ಕನ್ನಡವನ್ನು ಕುರೂಪ ಮಾಡಿ ದಿನವೂ ಕೈಗೆ ಕೊಡುವ ನೂರಾರು ತಂತ್ರಾಂಶಗಳ ಬಗ್ಗೆ ತುಟಿ ಬಿಚ್ಚುವುದಿಲ್ಲ. ಬೈಗುಳ ಒಂದು ದಿನದ್ದು. ಕೆಟ್ಟ ತಂತ್ರಾಂಶ ಮುನ್ನೂರ ಅರವತ್ತೈದು ದಿನದ್ದು.

ಮೊನ್ನೆ ಒಂದು ಖಾಸಗಿ ಕಂಪನಿಯ ಅರ್ಜಿಯಲ್ಲಿ ನನ್ನ ಹೆಸರನ್ನು ಕನ್ನಡದಲ್ಲಿ ತುಂಬಿದೆ. ಕೆಂಪು ಅಕ್ಷರದಲ್ಲಿ ಉತ್ತರ ಬಂತು: ವಿಶೇಷ ಚಿಹ್ನೆಗಳನ್ನು ಬಳಸುವಂತಿಲ್ಲ! ನನ್ನ ಹೆಸರು ವಿಶೇಷ ಚಿಹ್ನೆಯಂತೆ. ಶೇಕಡಾ ಗುರುತು, ಡಾಲರ್ ಗುರುತಿನ ಸಾಲಿಗೆ ಸೇರಿಸಿದ್ದಾರೆ. ಕಂಪನಿಯ ಕಚೇರಿ ಎಲ್ಲಿದೆ ಎಂದು ಕೇಳುತ್ತೀರಾ? ಬೆಂಗಳೂರಿನಲ್ಲೇ.

ಕನ್ನಡಕ್ಕೆ ದುಪ್ಪಟ್ಟು ಬಾಡಿಗೆ

ಈ ಊರಿನಲ್ಲಿ ಕನ್ನಡಿಗ ಬಾಡಿಗೆದಾರ ಎಂಬುದು ಹಳೆಯ ಗೋಳು. ಕನ್ನಡ ಭಾಷೆಯೂ ಬಾಡಿಗೆದಾರನೇ, ಅದೂ ದುಪ್ಪಟ್ಟು ಬಾಡಿಗೆ ಕಟ್ಟುವ ಬಾಡಿಗೆದಾರ, ಎಂಬುದು ನಿಮಗೆ ಗೊತ್ತೇ?

ಮೊಬೈಲಿನ ಸಾದಾ ಎಸ್‌ಎಂಎಸ್ ತೆಗೆದುಕೊಳ್ಳಿ. ಇಂಗ್ಲಿಷಿನಲ್ಲಿ ಒಂದು ಸಂದೇಶಕ್ಕೆ 160 ಅಕ್ಷರ. ಅದೇ ಸಂದೇಶವನ್ನು ಕನ್ನಡದಲ್ಲಿ ಕಳಿಸಿದರೆ ಜಾಗ 70ಕ್ಕೆ ಇಳಿಯುತ್ತದೆ. ಆ 70ರ ಲೆಕ್ಕವೂ ನಮ್ಮ ಲೆಕ್ಕವಲ್ಲ. 'ಕರ್ನಾಟಕ' ಎಂದರೆ ನಮ್ಮ ಕಣ್ಣಿಗೆ ನಾಲ್ಕು ಅಕ್ಷರ. ಯಂತ್ರ ಒತ್ತನ್ನೂ ದೀರ್ಘವನ್ನೂ ಬಿಡಿಸಿ ಎಣಿಸಿ ಏಳು ಮಾಡುತ್ತದೆ. ಅಂದರೆ ಇಂಗ್ಲಿಷಿನಲ್ಲಿ ಒಂದೇ ಸಂದೇಶದಲ್ಲಿ ಮುಗಿಯುವ ಮಾತು ಕನ್ನಡದಲ್ಲಿ ಎರಡಾಗುತ್ತದೆ, ಮೂರಾಗುತ್ತದೆ. ಲಕ್ಷಗಟ್ಟಲೆ ಸಂದೇಶ ಕಳಿಸುವ ಬ್ಯಾಂಕಿನ ಸಾಹೇಬರು ಈ ಲೆಕ್ಕ ನೋಡುತ್ತಾರೆ. ನಿಮ್ಮ ಅಜ್ಜಿಯ ಪಿಂಚಣಿ ಜಮೆಯಾದ ಸುದ್ದಿ ಇಂಗ್ಲಿಷಿನಲ್ಲಿ ಬರುತ್ತದೆ. ಅಜ್ಜಿ ಅದನ್ನು ಹಿಡಿದುಕೊಂಡು ಪಕ್ಕದ ಮನೆಯ ಹುಡುಗನ ಹತ್ತಿರ ಹೋಗುತ್ತಾರೆ. ದುಡ್ಡೆಷ್ಟು ಬಂತೆಂದು ಬೀದಿಗೆಲ್ಲ ಗೊತ್ತಾಗುತ್ತದೆ.

ಇದಕ್ಕೆ ಪರಿಹಾರವಿಲ್ಲವೇ? ಇದೆ ಸ್ವಾಮಿ! ಮೊಬೈಲಿನ ಅಂತಾರಾಷ್ಟ್ರೀಯ ಮಾನದಂಡದಲ್ಲೇ ಕನ್ನಡಕ್ಕೆ ಪ್ರತ್ಯೇಕ ಅಕ್ಷರಪಟ್ಟಿ ಇದೆ. ಅದನ್ನು ಬಳಸಿದರೆ ಕನ್ನಡವೂ ಹೆಚ್ಚು ಕಡಿಮೆ ಇಂಗ್ಲಿಷಿನಷ್ಟೇ ಜಾಗದಲ್ಲಿ ಕೂರುತ್ತದೆ. ಆದರೆ ಕಾಗದದ ಮೇಲಿರುವ ಪಟ್ಟಿ ಕೈಯಲ್ಲಿರುವ ಫೋನಿಗೆ ಇಳಿಯಬೇಕಾದರೆ ಯಾರಾದರೂ ಕೇಳಬೇಕು. ಕೇಳುವವರು ಯಾರು?

ಈಗ ಬಂದಿರುವ ಕೃತಕ ಬುದ್ಧಿಮತ್ತೆಯ ಕಥೆಯೂ ಇದೇ. ಈ ಯಂತ್ರಗಳು ಮಾತನ್ನು ಚೂರು ಚೂರು ಮಾಡಿ, ಚೂರಿಗಿಷ್ಟು ಎಂದು ಕಂಪನಿಗಳಿಂದ ಕಾಸು ಎಣಿಸಿಕೊಳ್ಳುತ್ತವೆ. ಒಂದೇ ಮಾತು ಕನ್ನಡದಲ್ಲಿ ಇಂಗ್ಲಿಷಿಗಿಂತ ಹೆಚ್ಚು ಚೂರಾಗುತ್ತದೆ. ಹೀಗಾಗಿ ಕನ್ನಡದಲ್ಲಿ ಸೇವೆ ಕೊಡಲು ಹೊರಟ ಹುಡುಗ ಇಂಗ್ಲಿಷಿನಲ್ಲಿ ಕೊಡುವವನಿಗಿಂತ ಹೆಚ್ಚು ಕಾಸು ಬಿಚ್ಚಬೇಕು.

ಆ ಹುಡುಗ ಇರುವ ಊರಾದರೂ ಎಂಥದ್ದು? 2025ರ ಒಂದೇ ವರ್ಷದ ಲೆಕ್ಕ ತೆಗೆಯಿರಿ. ಜನವರಿಯಲ್ಲಿ ಬಸ್ಸಿನ ದರ ಶೇ. 15 ಏರಿತು. ಫೆಬ್ರವರಿಯಲ್ಲಿ ಮೆಟ್ರೊದ ಗರಿಷ್ಠ ದರ 60 ರೂಪಾಯಿಂದ 90ಕ್ಕೆ ಹಾರಿತು. ಏಪ್ರಿಲ್ ಒಂದಕ್ಕೆ ಹಾಲು ಲೀಟರಿಗೆ 4 ರೂಪಾಯಿ ಹೆಚ್ಚಾಯಿತು. ದಿನಾಂಕ ನೋಡಿ ತಮಾಷೆ ಅಂದುಕೊಂಡವರು ಬೂತಿಗೆ ಹೋಗಿ ಪೆಚ್ಚಾದರು. ಆಗಸ್ಟಿನಲ್ಲಿ ಆಟೊದ ಕನಿಷ್ಠ ದರ 30ರಿಂದ 36 ಆಯಿತು. ಮನೆ ಬಾಡಿಗೆಯ ಮಾತು ಬೇಡ. ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದು ಎಂದು ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ 2021ರಲ್ಲೇ ಹೇಳಿತು. ಮಾದರಿ ಎಂದರೆ ರಾಜ್ಯಗಳು ಬೇಕಾದರೆ ನೋಡಬಹುದು, ಬೇಡವಾದರೆ ಗೋಡೆಗೆ ತೂಗಿಹಾಕಬಹುದು. ನಮ್ಮೂರಿನ ಮಾಲೀಕರದು ಹತ್ತು ತಿಂಗಳ ಸಂಪ್ರದಾಯ. ಇಪ್ಪತ್ತು ಸಾವಿರದ ಎರಡು ಕೋಣೆಗೆ ಎರಡು ಲಕ್ಷ ಎಣಿಸಬೇಕು. ಹಾಸನದಿಂದಲೋ ರಾಯಚೂರಿನಿಂದಲೋ ಬಂದ ಹುಡುಗ ಅಪ್ಪನ ಹೊಲದ ಮೇಲೆ ಸಾಲ ಎತ್ತಿ ಆ ಹಣ ಕಟ್ಟುತ್ತಾನೆ. ಬಾಡಿಗೆ ಕರಾರು ಇಂಗ್ಲಿಷಿನಲ್ಲಿ. ಬಣ್ಣ ಬಳಿಸಲು ಒಂದು ತಿಂಗಳ ಬಾಡಿಗೆ ಹಿಡಿದುಕೊಳ್ಳುವುದಾಗಿ ಅದರಲ್ಲಿ ಎಲ್ಲಿ ಬರೆದಿತ್ತು ಎಂಬುದು ಮನೆ ಬಿಡುವ ದಿನ ತಿಳಿಯುತ್ತದೆ.

ಇಷ್ಟೆಲ್ಲ ಕಟ್ಟಿ, ಬೆಳಗ್ಗೆ ಏಳಕ್ಕೆ ಎದ್ದು, ಸಿಲ್ಕ್ ಬೋರ್ಡಿನ ಹೊಗೆ ಕುಡಿದು ಕಚೇರಿಗೆ ಹೋಗಿ ಅವನು ಮಾಡುವುದೇನು? ತಂತ್ರಾಂಶ ಬರೆಯುವುದು! ಜರ್ಮನಿಯ ಗಿರಾಕಿಗೆ ಜರ್ಮನ್ ಭಾಷೆಯಲ್ಲಿ ಒಂದು ಚುಕ್ಕಿ ತಪ್ಪಿದರೂ ರಾತ್ರಿ ಹನ್ನೊಂದಕ್ಕೆ ಕೂತು ತಿದ್ದುತ್ತಾನೆ. ಅವನ ತಾಯಿಯ ಫೋನಿನಲ್ಲಿ ಕನ್ನಡದ ಒತ್ತಕ್ಷರ ಅರ್ಧ ಕತ್ತರಿಸಿ ಹೋಗಿದ್ದರೆ ಅದು 'ತಪ್ಪಲ್ಲ', ಅದಕ್ಕೆ ಗಿರಾಕಿಯಿಲ್ಲ.

ನನ್ನ ಸಿಟ್ಟಿರುವುದು ಅಮೆರಿಕದ ಕಂಪನಿಗಳ ಮೇಲೆ ಮಾತ್ರವಲ್ಲ ಎಂಬುದು ಈಗ ನಿಮಗೆ ತಿಳಿದಿರಬೇಕು.

ಯುನಿಕೋಡ್ ಎಂಬ ಜಾಗತಿಕ ಅಕ್ಷರಪಟ್ಟಿಯಲ್ಲಿ ಕನ್ನಡಕ್ಕೆ ಜಾಗ ಸಿಕ್ಕಿದ್ದು 1991ರಲ್ಲಿ, ಅದರ ಮೊದಲ ಆವೃತ್ತಿಯಲ್ಲೇ. ಯಾರೂ ನಮ್ಮನ್ನು ಹೊರಗಿಟ್ಟಿರಲಿಲ್ಲ. ಕೆ.ಪಿ. ರಾವ್ ಅವರಂಥವರು ಅದಕ್ಕೂ ಮುಂಚೆಯೇ ಇಂಗ್ಲಿಷ್ ಕೀಲಿಮಣೆಯಲ್ಲಿ ಕನ್ನಡ ಮೂಡಿಸುವ ದಾರಿ ತೋರಿದ್ದರು. 1998ರಲ್ಲಿ ಶೇಷಾದ್ರಿವಾಸು 'ಬರಹ' ಕೊಟ್ಟರು. ಗಣಕ ಪರಿಷತ್ತಿನ 'ನುಡಿ' ಬಂತು. ಪೂರ್ಣಚಂದ್ರ ತೇಜಸ್ವಿಯವರು ಕನ್ನಡ ತಂತ್ರಾಂಶದ ವಿಷಯವನ್ನು ಸಾರ್ವಜನಿಕ ಚರ್ಚೆಗೆ ಎಳೆತಂದರು. ಅವರು 2007ರಲ್ಲಿ ಹೋದರು. ಜಗಳಕ್ಕೆ ನಿಲ್ಲುವ ಅಂಥ ಇನ್ನೊಬ್ಬ ದೊಡ್ಡ ಲೇಖಕ ನನಗೆ ಕಾಣುತ್ತಿಲ್ಲ. ಸರ್ಕಾರದ ಹಳೆಯ ಆದೇಶಗಳನ್ನು ಇಂದು ಹುಡುಕಿ ನೋಡಿ. ಹಳೆಯ ಫಾಂಟಿನಲ್ಲಿ ಬೆರಳಚ್ಚಾದ ಕಡತ ತೆರೆದರೆ ಮಂತ್ರವಾದಿಯ ಯಂತ್ರದಂತೆ ಗೀಟು ಗೀಟು ಕಾಣಿಸುತ್ತದೆ. ಇಲ್ಲವೇ ಕಾಗದದ ಫೋಟೊ ಹೊಡೆದು ಹಾಕಿರುತ್ತಾರೆ. ಅದರಲ್ಲಿ ಒಂದು ಪದವನ್ನೂ ಹುಡುಕಲಾಗದು.

'ರ‍್ಯಾಂಕ್' ಎಂಬ ಪದವನ್ನೇ ನೋಡಿ. ರ ಪೂರ್ತಿ ನಿಂತು ಯ ಕೆಳಗೆ ಬರಬೇಕು. ಅದಕ್ಕೊಂದು ಕಣ್ಣಿಗೆ ಕಾಣದ ಜೋಡಿಸುವ ಚಿಹ್ನೆ ಬೇಕು. ಅದನ್ನು 'ಬೇಡದ ಕಸ' ಎಂದು ಗುಡಿಸಿಹಾಕುವ ತಂತ್ರಾಂಶ ಬಂದರೆ ಸೂರ್ಯನಿಗೆ ಇರಬೇಕಾದ ಅರ್ಕಾವತ್ತು ರ‍್ಯಾಂಕಿನ ತಲೆಗೆ ಬಂದು ಕೂರುತ್ತದೆ. (ಈ ಪತ್ರಿಕೆ ಅಚ್ಚಾಗುವಾಗಲೂ ಹಾಗಾಗಿದ್ದರೆ ನಮ್ಮ ಕಂಪೋಸಿಂಗ್ ಹುಡುಗನನ್ನು ಬೈಯಬೇಡಿ, ಅವನ ಕಂಪ್ಯೂಟರನ್ನು ಬೈಯಿರಿ.)

ಸರ್ಕಾರದ ಸ್ವಂತ ತಂತ್ರಾಂಶಗಳ ಗುಣಮಟ್ಟ ಬಲ್ಲವರು ಮೇಷ್ಟ್ರುಗಳು. 2025ರ ಸೆಪ್ಟೆಂಬರ್ 22ರಂದು ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಯಲ್ಲಿ ಅರವತ್ತು ಪ್ರಶ್ನೆಗಳ ಆಪ್ ಹಿಡಿದು ಅವರು ಮನೆಮನೆ ಅಲೆದರು. ಸರ್ವರ್ ಇಲ್ಲ, ನೆಟ್‌ವರ್ಕ್ ಇಲ್ಲ, ಒಟಿಪಿ ಬರುವುದಿಲ್ಲ. ಅಕ್ಟೋಬರ್ 7ಕ್ಕೆ ಮುಗಿಯಬೇಕಿದ್ದದ್ದು ಮತ್ತೆ ಮತ್ತೆ ಮುಂದೆ ಹೋಯಿತು. ಜಗತ್ತಿಗೆಲ್ಲ ತಂತ್ರಾಂಶ ಬರೆದುಕೊಡುವ ರಾಜಧಾನಿಯ ಸರ್ಕಾರ, ತನ್ನ ಜನರನ್ನು ಎಣಿಸುವ ಆಪ್ ನೆಟ್ಟಗೆ ಮಾಡಿಸಲಾರದೇ ಹೋಯಿತು!

ಎಲ್ಲ ಕಡೆ ಹೀಗೇ ಆಗಬೇಕೆಂದೇನಿಲ್ಲ. 'ನಮ್ಮ ಯಾತ್ರಿ' ಆಪ್ ಇದೇ ಊರಲ್ಲಿ ಹುಟ್ಟಿದ್ದು. ಆಟೊ ಚಾಲಕ ಕನ್ನಡದಲ್ಲೇ ಬಳಸಬಹುದು. ಪ್ರತಿ ಬಾಡಿಗೆಯಲ್ಲಿ ಕಮಿಷನ್ ಕಚ್ಚುವ ಬದಲು ನಿಗದಿತ ಶುಲ್ಕದ ದಾರಿ ಹಿಡಿಯಿತು. ಹುಟ್ಟುವಾಗಲೇ ಚಾಲಕರ ಸಂಘ ಜೊತೆಗಿತ್ತು, ತಮಗೇನು ಬೇಕೆಂದು ಹೇಳಿತು. ಅದರಲ್ಲೂ ಕುಂದುಕೊರತೆ ಇರಬಹುದು. ಆದರೆ ಬಳಸುವವನು ಬಾಯಿಬಿಟ್ಟು ಕೇಳಿದರೆ ತಂತ್ರಾಂಶ ಕನ್ನಡ ಮಾತಾಡುತ್ತದೆ ಎಂಬುದಕ್ಕೆ ಖಾಕಿ ಅಂಗಿಯವರು ಸಾಕ್ಷಿ. ಲ್ಯಾಪ್‌ಟಾಪ್ ಚೀಲದವರು ಇನ್ನೂ ಬಾಯಿ ಬಿಟ್ಟಿಲ್ಲ.

ಬಾಯಿಗೆ ಬೀಗ ಹಾಕುವವರು

ಈಗ ಸತ್ತ ಮುಖ್ಯಮಂತ್ರಿಗಳ ಕಥೆಯ ಇನ್ನೊಂದು ಮಗ್ಗುಲು. ಆ ಅನುವಾದ ಬಂದದ್ದು ಜುಲೈನಲ್ಲಿ. ಹಿಂದಿನ ತಿಂಗಳು, ಅಂದರೆ 2025ರ ಜೂನ್‌ನಲ್ಲಿ, ರಾಜ್ಯ ಸರ್ಕಾರದ ಒಂದು ಕರಡು ಮಸೂದೆ ಹೊರಬಿದ್ದಿತ್ತು. ಸುಳ್ಳು ಸುದ್ದಿ ಹರಡುವವರಿಗೆ ಏಳು ವರ್ಷದವರೆಗೆ ಜೈಲು, ಹತ್ತು ಲಕ್ಷದವರೆಗೆ ದಂಡ! ಗಲಾಟೆಯಾದ ಮೇಲೆ ಇದು ಬರೀ ಕರಡು ಎಂದರು. ಆ ಕರಡು ಅಂದೇ ಕಾನೂನಾಗಿತ್ತು ಎಂದುಕೊಳ್ಳಿ. ಮುಖ್ಯಮಂತ್ರಿ ಸತ್ತರೆಂದು ಬರೆದ ಯಂತ್ರವನ್ನು ಪರಪ್ಪನ ಅಗ್ರಹಾರಕ್ಕೆ ಒಯ್ಯಲಾಗುತ್ತಿತ್ತೇ? ಅದನ್ನು ನಂಬಿ ಗೆಳೆಯನಿಗೆ ದಾಟಿಸಿದ ತಿಪಟೂರಿನ ಹುಡುಗನನ್ನು ಒಯ್ಯುತ್ತಿದ್ದರು. ಸುಳ್ಳು ಹೇಳಿದ ಕೋಟ್ಯಧೀಶನಿಗೆ ಕ್ಷಮಾಪಣೆಯ ಸೌಲಭ್ಯ, ಸುಳ್ಳು ಕೇಳಿಸಿಕೊಂಡವನಿಗೆ ಕಂಬಿ.

ಇಂಥ ಕಾನೂನಿನ ರುಚಿ ದೇಶ ಒಮ್ಮೆ ನೋಡಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮಿನಡಿ, ಒಂದು ಸಾಲು ಬರೆದವರನ್ನೂ ಅದನ್ನು ಮೆಚ್ಚಿದವರನ್ನೂ ಪೊಲೀಸರು ಎಳೆದೊಯ್ದದ್ದುಂಟು. ಸುಪ್ರೀಂ ಕೋರ್ಟು 2015ರ ಮಾರ್ಚಿನಲ್ಲಿ ಅದನ್ನು ಕಿತ್ತೆಸೆಯಿತು. ಮತ್ತೆ 2025ರ ಸೆಪ್ಟೆಂಬರಿನಲ್ಲಿ, ಸರ್ಕಾರಗಳು 'ಸಹಯೋಗ್' ಎಂಬ ಪೋರ್ಟಲ್ ಮೂಲಕ ಬರಹಗಳನ್ನು ತೆಗೆಸುವ ಪದ್ಧತಿಯ ವಿರುದ್ಧ ಎಕ್ಸ್ ಕಂಪನಿ ಹಾಕಿದ್ದ ಅರ್ಜಿಯನ್ನು ನಮ್ಮ ಹೈಕೋರ್ಟು ವಜಾ ಮಾಡಿತು. ಒಂದು ಕಡೆ ಕಂಪನಿ, ಇನ್ನೊಂದು ಕಡೆ ಸರ್ಕಾರ. ತೆಗೆಸಲ್ಪಡುವ ಸಾಲು ಬರೆದವನು ಆ ಪಂಚಾಯ್ತಿಕಟ್ಟೆಯಲ್ಲಿ ಎಲ್ಲಿಯೂ ಕಾಣಲಿಲ್ಲ.

ಬರಹವನ್ನು ಮೊದಲು ಜರಡಿ ಹಿಡಿಯುವುದು ಬಹುಪಾಲು ಯಂತ್ರವೇ. ಸತ್ತವರು ಯಾರು, ಅತ್ತವರು ಯಾರು ಎಂದು ತಿಳಿಯದ ಬುದ್ಧಿಗೆ 'ತಲೆ ತಿನ್ನಬೇಡ ಮಾರಾಯ' ಎಂದರೆ ಏನೆನ್ನಿಸೀತು? 'ನಕ್ಕು ನಕ್ಕು ಸಾಯಿಸಿಬಿಟ್ಟೆ ಕಣೋ' ಎಂದರೆ ಕೊಲೆ ಕೇಸೇ ಆದೀತು! ಇತ್ತ ಅಪ್ಪಟ ಕನ್ನಡದಲ್ಲಿ ಹೆಣ್ಣುಮಕ್ಕಳಿಗೆ ಬರೆಯುವ ಹೊಲಸು, ಒಂದು ಅಕ್ಷರವನ್ನೂ ಮುಕ್ಕಾಗಿಸದೆ ಉಳಿದುಕೊಳ್ಳುತ್ತದೆ. ಫೇಸ್‌ಬುಕ್ಕಿನಲ್ಲಿ ಕೆಲಸ ಮಾಡಿದ್ದ ಫ್ರಾನ್ಸೆಸ್ ಹೌಗೆನ್ 2021ರಲ್ಲಿ ಹೊರಹಾಕಿದ ಕಾಗದಗಳು, ಹಿಂದಿ ಮತ್ತು ಬಂಗಾಳಿಯಲ್ಲೇ ಇಂಥದ್ದನ್ನು ಗುರುತಿಸುವ ವ್ಯವಸ್ಥೆ ಸಾಲದಾಗಿತ್ತು ಎಂದು ತೋರಿಸಿದವು. ಐವತ್ತು ಕೋಟಿ ಜನರ ಹಿಂದಿಗೇ ಆ ಗತಿಯಾದರೆ, 2011ರ ಜನಗಣತಿಯಂತೆ 4.37 ಕೋಟಿ ಜನರ ತಾಯ್ನುಡಿಯಾದ ಕನ್ನಡದ ಪಾಡು ಊಹಿಸಿಕೊಳ್ಳಿ. ಕೆಟ್ಟ ಕನ್ನಡ ತಂತ್ರಾಂಶ ಬರೀ ಅಂದಚೆಂದದ ಪ್ರಶ್ನೆಯಲ್ಲ ಎಂದು ನಾನು ಹೇಳುವುದು ಇದಕ್ಕೇ. ಅದು ನಿಮ್ಮ ಬಾಯಿಯ ಪ್ರಶ್ನೆ.

ನಮ್ಮವರಿಗೂ ಒಂದು ಮಾತು. ಇದು ನಿಮ್ಮಲ್ಲಿ ಕೆಲವರಿಗೆ ಹಿಡಿಸಲಿಕ್ಕಿಲ್ಲ. 2025ರಲ್ಲಿ ಕಮಲ ಹಾಸನ್ ಕನ್ನಡ ತಮಿಳಿನಿಂದ ಹುಟ್ಟಿತು ಎಂದರು. ಶುದ್ಧ ತಪ್ಪು. ಎರಡೂ ಮೂಲ ದ್ರಾವಿಡದಿಂದ ಕವಲೊಡೆದ ಅಕ್ಕತಂಗಿಯರು. ಅಕ್ಕನ ಹೊಟ್ಟೆಯಲ್ಲಿ ತಂಗಿ ಹುಟ್ಟುವುದಿಲ್ಲ. ಇದನ್ನು ಹೇಳಿ, ನಮ್ಮ ವಿದ್ವಾಂಸರನ್ನು ಮುಂದೆ ಬಿಟ್ಟು ಆ ಮನುಷ್ಯನ ಬಾಯಿ ಮುಚ್ಚಿಸಬಹುದಿತ್ತು. ನಾವು ಮಾಡಿದ್ದೇನು? ಅವರ 'ಥಗ್ ಲೈಫ್' ಚಿತ್ರಕ್ಕೆ ತಡೆ ಒಡ್ಡಿದೆವು. ಜೂನ್ 19ರಂದು ಸುಪ್ರೀಂ ಕೋರ್ಟು ಬಿಡುಗಡೆಗೆ ರಕ್ಷಣೆ ಕೊಡಲೇಬೇಕೆಂದು ಹೇಳಿತು. ತಪ್ಪು ಮಾತಾಡಿದವನು ವಾಕ್ ಸ್ವಾತಂತ್ರ್ಯದ ವೀರನಾದ, ಸರಿಯಿದ್ದ ನಾವು ರೌಡಿಗಳಾದೆವು! ಇನ್ನೊಬ್ಬನ ಬಾಯಿಗೆ ಹಾಕಿದ ಬೀಗದ ಕೀಲಿಕೈ ನಮ್ಮ ಬಾಯಿಗೂ ಹೊಂದುತ್ತದೆ. ಕರಡು ಮಸೂದೆ ಬರೆಯುವವರಿಗೆ ಇದು ಚೆನ್ನಾಗಿ ಗೊತ್ತು.

ತಮಿಳರಿಂದ ಕಲಿಯಬೇಕಾದದ್ದು ಬೇರೆ ಇದೆ. 1999ರಲ್ಲಿ ಚೆನ್ನೈನಲ್ಲಿ ಅಂತರಜಾಲದ ತಮಿಳಿಗಾಗಿ ಸಮ್ಮೇಳನ ಕೂಡಿಸಿ 'ತಮಿಳ್ 99' ಎಂಬ ಒಂದೇ ಕೀಲಿಮಣೆಗೆ ಸರ್ಕಾರದ ಮುದ್ರೆ ಒತ್ತಿಸಿಕೊಂಡರು. ಇಂದು ಕನ್ನಡವೂ ಸೇರಿ 22 ಭಾಷೆಗಳಿಗೆ ಯಾರು ಬೇಕಾದರೂ ಬಳಸಬಹುದಾದ ಅನುವಾದ ಯಂತ್ರ ಕಟ್ಟಿದವರು ಯಾರು? ಮದ್ರಾಸ್ ಐಐಟಿಯ 'ಎಐ4ಭಾರತ್' ತಂಡ, 2023ರಲ್ಲಿ. ಆ ಕೇಂದ್ರಕ್ಕೆ 36 ಕೋಟಿ ಕೊಟ್ಟವರು ನಮ್ಮ ಬೆಂಗಳೂರಿನ ನಿಲೇಕಣಿ ದಂಪತಿ. ದುಡ್ಡು ಬೆಂಗಳೂರಿನದು, ಕನ್ನಡ ಕಲಿತ ಯಂತ್ರ ಮದ್ರಾಸಿನದು. ಇದಕ್ಕೆ ಅವರನ್ನು ಬೈಯುವಂತಿಲ್ಲ.

ಹಾಗಾದರೆ ನೀವು ಮಾಡಬೇಕಾದ್ದೇನು? ಬಣ್ಣ ಬಳಿಯುವ ಡಬ್ಬಿ ಸದ್ಯಕ್ಕೆ ಪಕ್ಕಕ್ಕಿಡಿ. ನೀವು ತಂತ್ರಾಂಶದ ಕೆಲಸದಲ್ಲಿದ್ದರೆ ನಾಳೆ ಪರೀಕ್ಷೆಗೆ 'ಜಾನ್' 'ಮೇರಿ' ಹಾಕುವ ಜಾಗದಲ್ಲಿ ನಿಮ್ಮ ಅಜ್ಜಿಯ ಹೆಸರನ್ನು, ಇನಿಷಿಯಲ್ ಸಮೇತ, ಕನ್ನಡದಲ್ಲಿ ಹಾಕಿ. ಎಲ್ಲಿ ಒಡೆಯುತ್ತದೋ ಅಲ್ಲಿ ದೋಷವೆಂದು ದಾಖಲಿಸಿ. ಮ್ಯಾನೇಜರ್ 'ಇದು ಮುಖ್ಯವಲ್ಲ' ಎಂದರೆ ಆ ಮಾತನ್ನು ಲಿಖಿತವಾಗಿ ಕೇಳಿ. ಬ್ಯಾಂಕಿನಲ್ಲಿ ಇಂಗ್ಲಿಷ್ ಅರ್ಜಿ ಕೊಟ್ಟರೆ ವಾಪಸ್ ಕೊಡಿ. ಗ್ರಾಹಕರಿಗೆ ಕೊಡುವ ಮುದ್ರಿತ ಕಾಗದಗಳು ಹಿಂದಿ, ಇಂಗ್ಲಿಷ್ ಜೊತೆ ಆಯಾ ಪ್ರದೇಶದ ಭಾಷೆಯಲ್ಲೂ ಇರಬೇಕೆಂದು ರಿಸರ್ವ್ ಬ್ಯಾಂಕೇ ಹೇಳಿದೆ. ಇಲ್ಲ ಎಂದರೆ ರಿಸರ್ವ್ ಬ್ಯಾಂಕಿನ 14448ಕ್ಕೆ ಕರೆ ಮಾಡಿ. ಬೇರೆ ಕಂಪನಿಗಳ ದೂರಿಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಎರಡರಲ್ಲೂ ಕನ್ನಡದ ಆಯ್ಕೆ ಇದೆ. ಮರೆತು ಇಂಗ್ಲಿಷಿನ ಗುಂಡಿ ಒತ್ತಬೇಡಿ. ಕನ್ನಡದವರು ಕರೆ ಮಾಡುವುದೇ ಇಲ್ಲ ಎಂದು ಅವರು ಬರೆದಿಟ್ಟುಕೊಳ್ಳುತ್ತಾರೆ. ಸಂಗೀತ ಕೇಳಿಸುತ್ತದೆ, ಕಾಯಿರಿ. ಕರೆ ಕಡಿದರೆ ಮತ್ತೆ ಮಾಡಿ.